ಖಾಲಿ ರಕ್ತ

ಏಳಬಾರದಿದ್ದ ಜಾಗದಲ್ಲಿ ಗೆರೆ ಎದ್ದಿತ್ತು. ದೊಡ್ಡದೇನಲ್ಲ, ಮಡಿಸಿಟ್ಟ ಸೀರೆಯ ಅಂಚು ಒಂದಿಷ್ಟು ಉಬ್ಬಿದಂತೆ, ಅವಸರದಲ್ಲಿದ್ದವರು ನೋಡದೆ ಬಿಡಬಹುದಾದಂಥ ಒಂದು ಉಬ್ಬು. ಶಿವದೇವಿಗೆ ನೋಡದೆ ಬಿಡುವುದು ಬರುತ್ತಿರಲಿಲ್ಲ. ಅವಳು ಕಂಪ್ಯೂಟರಿನ ಪರದೆಗೆ ಮುಖ ಹತ್ತಿರ ಮಾಡಿ, ಮತ್ತೆ ದೂರ ಮಾಡಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. ಹೊರಗೆ ಏಪ್ರಿಲ್ ತಿಂಗಳ ಬಿಸಿಲು, ತಾರ್ನಾಕದಾಚೆಯ ಕಾರ್ಖಾನೆಗಳ ತಗಡಿನ ಮೇಲೆ ಬಿದ್ದು ಕಿಟಕಿಗೆ ಚಿಮ್ಮುತ್ತಿತ್ತು. ಒಳಗೆ ಯಂತ್ರಗಳಿಗಾಗಿ ಇಟ್ಟ ತಂಪು, ಅವಳ ಬೆರಳುಗಳನ್ನು ಸೆಟೆಸುವ ತಂಪು. ಆ ತಂಪಿನಲ್ಲಿ ನಾಲ್ಕು ವರ್ಷದಿಂದ ನಡೆಯುತ್ತಿದ್ದುದು ಒಂದೇ ಕೆಲಸ: ಬಿಸಿಲು ತಾಗದಿರಲಿ ಎಂದು ಜನ ಮೈಗೆ ಹಚ್ಚಿಕೊಳ್ಳುವ ಕ್ರೀಮು ಚರ್ಮದ ಮೇಲೇ ನಿಲ್ಲುತ್ತದೋ, ಒಳಗಿಳಿದು ರಕ್ತಕ್ಕೆ ಸೇರುತ್ತದೋ, ಸೇರಿದರೆ ಎಷ್ಟು ಎಂದು ಕಂಡುಹಿಡಿಯುವುದು. ಹೊರದೇಶದ ಕಂಪನಿಯೊಂದು ಕೇಳಿತ್ತು, ಇವರು ಹುಡುಕುತ್ತಿದ್ದರು. ಮೈತುಂಬ ಕ್ರೀಮು ಹಚ್ಚಿಸಿಕೊಂಡ ಹುಡುಗರ ರಕ್ತ ಬರುತ್ತಿತ್ತು. ಅದನ್ನು ಗಿರಗಿರನೆ ತಿರುಗಿಸಿ ಮೇಲಿನ ಹಳದಿ ನೀರನ್ನು ಬೇರೆ ಮಾಡಿ, ದ್ರಾವಣ ಬೆರೆಸಿದರೆ ಹಾಲು ಒಡೆದಂತೆ ಒಡೆಯುತ್ತಿತ್ತು. ಉಳಿದ ತಿಳಿಯನ್ನು ಕೂದಲಷ್ಟು ಸಣ್ಣ ದಾರಿಯ ಉಕ್ಕಿನ ನಳಿಕೆಯಲ್ಲಿ ನೂಕಿದರೆ ಅದರಲ್ಲಿದ್ದುದೆಲ್ಲ ಒಂದೊಂದಾಗಿ, ತನ್ನ ತನ್ನ ಸರದಿಗೆ ಹೊರಬೀಳುತ್ತಿತ್ತು. ಆಮೇಲೆ ಯಂತ್ರ ಪ್ರತಿ ಕಣವನ್ನು ಒಡೆದು ಚೂರುಗಳನ್ನು ತೂಗುತ್ತಿತ್ತು. ಕ್ರೀಮಿನ ರಾಸಾಯನಿಕ ಇದ್ದರೆ ಪರದೆಯ ಮೇಲೆ ಗುಡ್ಡ, ಇಲ್ಲದಿದ್ದರೆ ಬಯಲು.

ಗುಡ್ಡವನ್ನು ನಂಬಬೇಕಾದರೆ ಮೊದಲು ಬಯಲು ಬೇಕು. ಆ ರಾಸಾಯನಿಕ ಒಂದಿಷ್ಟೂ ಇಲ್ಲದ ರಕ್ತ ಬೇಕು. ಅದರ ಪಕ್ಕದಲ್ಲಿಟ್ಟೇ ಉಳಿದದ್ದನ್ನೆಲ್ಲ ಅಳೆಯಬೇಕು. ಪುಸ್ತಕದಲ್ಲಿ ಅದಕ್ಕೆ ಬ್ಲ್ಯಾಂಕ್ ಎಂದು ಹೆಸರು. ಇಲ್ಲಿ ಎಲ್ಲರೂ ಖಾಲಿ ಎನ್ನುತ್ತಿದ್ದರು. ಖಾಲಿ ಇಟ್ಟಿರಾ, ಖಾಲಿ ಓಡಿತಾ, ಖಾಲಿ ಹೇಗೆ ಬಂತು. ಖಾಲಿ ಎಂದರೆ ಶಿವದೇವಿಯ ರಕ್ತ. ಊರೆಲ್ಲ ಕ್ರೀಮು ಹಚ್ಚುವ ಕಾಲ ಅದು. ಸ್ಕೂಟರಿನ ಮೇಲೆ ಹೈಟೆಕ್ ಸಿಟಿಗೆ ಹೋಗುವ ಹುಡುಗಿಯರು ಮುಖಕ್ಕೆ ಓಢಣಿ ಸುತ್ತಿ ಅದರೊಳಗೂ ಹಚ್ಚುತ್ತಿದ್ದರು. ಸೆಂಟಿನಲ್ಲಿ, ತುಟಿಯ ಬಣ್ಣದಲ್ಲಿ, ತಲೆಯ ಜೆಲ್ಲಿನಲ್ಲಿ ಎಲ್ಲ ಅದು ಇರುತ್ತಿತ್ತು. ಲ್ಯಾಬಿನವರೆಲ್ಲರ ರಕ್ತ ತೆಗೆದು ನೋಡಿದಾಗ ಸಮತಟ್ಟಾಗಿ ಬಂದದ್ದು ಇವಳದೊಂದೇ. ಸ್ನೋ ಇಲ್ಲ, ಪೌಡರ್ ಇಲ್ಲ. ಬೆಳಗಿನ ವಿಭೂತಿ ಒಂದು. "ನಿಮ್ಮದು ಎಂತ ರಕ್ತ ಮಾರಾಯ್ರೆ, ಮಿನರಲ್ ವಾಟರಾ?" ಎಂದಿದ್ದ ಸೃಜನ್, ಮಂಗಳೂರು ಕಡೆಯ ಹುಡುಗ, ಆಗ ತಾನೇ ಕೆಲಸಕ್ಕೆ ಸೇರಿದವನು. ಅವಳು ನಕ್ಕಿದ್ದಳು. ಆದರೆ ವರ್ಷಕ್ಕೊಮ್ಮೆ ತೋಳು ಚಾಚಿ ಕೂತಾಗ, ಸೂಜಿಯ ಹಿಂದಿನ ಕೊಳವೆಯಲ್ಲಿ ಕಪ್ಪುಗೆಂಪು ಏರುವುದನ್ನು ನೋಡುವಾಗ, ಅವಳೊಳಗೆ ಒಂದು ಹೆಮ್ಮೆ ಮೆಲ್ಲಗೆ ಹೆಡೆಯೆತ್ತುತ್ತಿತ್ತು, ಯಾರಿಗೂ ಹೇಳುವಂಥದ್ದಲ್ಲ. ಪುರಾಣ ಕೇಳುತ್ತ ಬೆಳೆದವಳು. ಒಳಗೆ ಏನೂ ಇಲ್ಲದಿರುವುದೇ ದೊಡ್ಡದು, ಬಯಲಾಗುವುದೇ ಕೊನೆಯದು ಎಂದು ಅಪ್ಪ ಒಂದೊಂದು ಪದ್ಯವನ್ನೂ ಬಿಡಿಸಿ ಅರ್ಥ ಹೇಳುವುದನ್ನು ಮಠದ ಕಂಬಕ್ಕೆ ಒರಗಿ ಕೇಳಿದವಳು. ಯಂತ್ರವೊಂದು ಅದನ್ನೇ ಗೆರೆ ಎಳೆದು ತೋರಿಸುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು.

"ಮೇಡಂ, ಇನ್ನೂ ಅದನ್ನೇ ನೋಡ್ತಾ ಇದ್ದೀರಾ?" ಸೃಜನ್ ಹಿಂದೆ ಬಂದು ನಿಂತಿದ್ದ, ಕೈಯಲ್ಲಿ ಮುಚ್ಚಳವಿಲ್ಲದ ಪೆನ್ನು. "ನಾನು ಎಲ್ಲ ಬದಲಾಯಿಸಿ ಆಯ್ತು. ದ್ರಾವಣ ಹೊಸತು, ನಳಿಕೆ ಹೊಸತು, ಪ್ಲಾಸ್ಟಿಕ್ಕೇ ಬೇಡ ಅಂತ ಗಾಜಿನ ಬಾಟ್ಲಿ ತಂದೆ. ಬರೀ ನೀರು ಓಡಿಸಿದ್ರೆ ಫ್ಲ್ಯಾಟ್. ನಿಮ್ಮ ರಕ್ತ ಹಾಕಿದ್ರೆ ಏಳ್ತದೆ."

"ನೀ ಸೆಂಟ್ ಹೊಡ್ಕೊಂಡು ಬಂದಿದ್ದಿ ಏನು?"

"ಅಯ್ಯೋ ದೇವರೇ, ಇಲ್ಲ. ಇಲ್ಲಿ ಸೇರಿದ ಮೇಲೆ ನನ್ನ ಹತ್ರ ಯಾವ ಹುಡುಗಿಯೂ ಕೂತ್ಕೊಳ್ಳೂದಿಲ್ಲ, ಅಷ್ಟು ಶುದ್ಧ ನಾನು." ನಕ್ಕ, ಅವಳು ನಗಲಿಲ್ಲವೆಂದು ಕಂಡು ದನಿ ತಗ್ಗಿಸಿದ. "ನಿನ್ನೆ ರಕ್ತ ತೆಗೆಯುವಾಗ ಎರಡೆರಡು ಗ್ಲವ್ಸ್ ಹಾಕಿದ್ದೆ ಮೇಡಂ. ಹೊರಗಿಂದ ಬಂದದ್ದಲ್ಲ ಅದು. ಒಳಗಿಂದೇ."

ಒಳಗಿಂದೇ. ಅವನು ಹೋದ ಮೇಲೂ ಆ ಮಾತು ಅವಳ ಕಿವಿಯಲ್ಲಿ ಉಳಿಯಿತು. ಅವಳ ಕಿವಿ ಹಾಗೆಯೇ, ಕೇಳಿದ್ದನ್ನು ಬೇಗ ಬಿಡುವುದಿಲ್ಲ. ಮೌಸಿನ ಮೇಲಿದ್ದ ಕೈಯನ್ನು ತಿರುಗಿಸಿ ಅಂಗೈ ನೋಡಿಕೊಂಡಳು. ಸುಮ್ಮನೆ ನೋಡಿದ್ದು, ಬೇಸರಕ್ಕೆ ಜನ ಅಂಗೈ ನೋಡಿಕೊಳ್ಳುವಂತೆ. ನಡುವಿನ ಗೆರೆಗಳಲ್ಲಿ ಏನೋ ಬೆಳ್ಳಗೆ ಕೂತಂತಿತ್ತು, ಅಥವಾ ಇರಲಿಲ್ಲ, ಬೆಳಕೇ ಹಾಗಿತ್ತು. ಅಂಗೈಯನ್ನು ಮೂಗಿನ ಹತ್ತಿರ ತಂದಳು. ಸಾಬೂನಿನ ವಾಸನೆ. ಅದರ ಕೆಳಗೆ, ಎಷ್ಟು ತೊಳೆದರೂ ಹೋಗದೆ, ಔಷಧದಂಗಡಿಯ ಬಾಗಿಲಲ್ಲಿ ನಿಂತಂಥ ಒಂದು ಸಿಹಿ ವಾಸನೆ.

ಅಪ್ಪ.

ಬೆಳಗ್ಗೆ ಹೊರಡುವ ಮುಂಚೆ ನಾರಾಯಣಗೂಡದ ಮನೆಯ ಮಾಳಿಗೆಯ ಮೇಲೆ, ನೀರಿನ ಟಾಕಿಯ ನೆರಳಿನಲ್ಲಿ, ಅಪ್ಪ ಕುರ್ಚಿಯಲ್ಲಿ ಕೂಡುತ್ತಾನೆ. ಕಣ್ಣು ಮುಚ್ಚಿ ಮುಖ ಎತ್ತುತ್ತಾನೆ. ಅವಳು ಟ್ಯೂಬಿನಿಂದ ಕ್ರೀಮು ಹಿಂಡಿ, ಎರಡೂ ಅಂಗೈ ತಿಕ್ಕಿ, ಆ ಮುಖಕ್ಕೆ ಹಚ್ಚುತ್ತಾಳೆ. ಹಣೆಗೆ, ಕೆನ್ನೆಗೆ, ಕತ್ತಿಗೆ, ಆಮೇಲೆ ಮೊಣಕೈತನಕ ತೋಳಿಗೆ, ಬೆರಳ ಸಂದಿಗೆ. ಅಪ್ಪ ವೈಜನಾಥನ ಚರ್ಮ ಬಣ್ಣ ಬಿಡಲು ಶುರುಮಾಡಿ ಎಷ್ಟೋ ವರ್ಷ. ಮೊದಲು ಬೆರಳ ತುದಿ, ಆಮೇಲೆ ತುಟಿಯ ಮೂಲೆ, ಆಮೇಲೆ ಊರು ಹಿಡಿದವರಂತೆ ಒಂದೊಂದೇ ಓಣಿ ಹಿಡಿದು, ಈಗ ಮುಖ ಪೂರಾ ಬಿಳಿ. ಹಣೆ ಬೆಳ್ಳಗಾದ ಮೇಲೆ ಅವನ ವಿಭೂತಿ ಕಾಣುತ್ತಿರಲಿಲ್ಲ. ಹಚ್ಚಿಕೊಂಡಿದ್ದಾನೋ ಇಲ್ಲವೋ ಎಂದು ಮುಟ್ಟಿಯೇ ತಿಳಿಯಬೇಕು. ಬಣ್ಣವಿಲ್ಲದ ಆ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ. ಮನೆಯಲ್ಲಿ ಅದಕ್ಕೆ ತೊನ್ನು ಎಂಬ ಶಬ್ದವನ್ನು ಯಾರೂ ಆಡಿದವರಲ್ಲ. ಅವ್ವ "ಇವರಿಗೆ ಬಿಸಲ ಹತ್ತೇತಿ" ಎನ್ನುತ್ತಿದ್ದಳು, ನಿನ್ನೆ ಹತ್ತಿ ನಾಳೆ ಇಳಿದುಹೋಗುವುದೆಂಬಂತೆ. ಹಚ್ಚುತ್ತಿದ್ದವಳೂ ಅವ್ವನೇ. ಹೋದ ವರ್ಷ ದೀಪಾವಳಿಯ ಹೊತ್ತಿಗೆ ಅವ್ವ ತೀರಿಕೊಂಡಳು. ಆಮೇಲಿಂದ ಶಿವದೇವಿ.

ಹಚ್ಚುವಾಗ ಅಪ್ಪ ಸುಮ್ಮನಿರುವವನಲ್ಲ. ಸಿಕಂದರಾಬಾದಿನ ರೈಲ್ವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದು, ಸಂಜೆ ಮಠದಲ್ಲಿ ಪುರಾಣ ಓದುತ್ತಿದ್ದ ಮನುಷ್ಯ. ನಾಲಿಗೆಯ ಮೇಲೆ ಷಟ್ಪದಿ ಕುಣಿಯುತ್ತಲೇ ಇರುತ್ತಿತ್ತು. ಪುರಾಣದ ಪದ್ಯ ಅಲ್ಲದಿದ್ದರೆ ತಾನೇ ಒಂದು ಕಟ್ಟುವುದು, ಮಗಳನ್ನು ಕೆಣಕಲು. ಮೊದಲ ದಿನ ಎಲ್ಲಿಂದ ಹಚ್ಚಲಿ ಎಂದು ಅವಳು ತಡವರಿಸಿದಾಗ ಅವನು ಕಣ್ಣು ಮುಚ್ಚಿಕೊಂಡೇ ರಾಗ ಎತ್ತಿದ್ದ: "ಸುಣ್ಣ ಹಚ್ಚುವ ಮಗಳೆ ಕೇಳೌ, ಬಣ್ಣ ಬಿಟ್ಟಿಹ ಗೋಡೆ ನಾನೇ." ಅವಳು ನಕ್ಕುಬಿಟ್ಟಿದ್ದಳು, ನಗುವಿನಲ್ಲೇ ಅಳು ಬಂದು, ಎರಡೂ ಕೈಗೆ ಕ್ರೀಮು ಮೆತ್ತಿದ್ದರಿಂದ ಕಣ್ಣೊರೆಸಿಕೊಳ್ಳಲಾಗದೆ ತೋಳಿಗೆ ಮುಖ ಒತ್ತಿಕೊಂಡಿದ್ದಳು. ಅವಳ ಬುದ್ಧಿಗೆ ಆ ಟ್ಯೂಬು ಅಪ್ಪನ ಔಷಧವಾಗಿತ್ತು. ಲ್ಯಾಬಿನಲ್ಲಿ ಅಳೆಯುವುದು ಅದನ್ನೇ ಎಂಬುದು ಗೊತ್ತಿಲ್ಲದ್ದೇನಲ್ಲ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಆಕ್ಸಿಬೆನ್ಜೋನ್ ಎಂದು ಆ ರಾಸಾಯನಿಕದ ಹೆಸರು ಬರೆದದ್ದನ್ನು ಓದಿಯೂ ಇದ್ದಳು. ಆದರೂ ಲ್ಯಾಬಿಗೆ ಹೊರಡುವ ಮುಂಚೆ ಮೂರು ಸಲ ಕೈ ತೊಳೆದರೆ ಆಯಿತು ಎಂದುಕೊಂಡಿದ್ದಳು. ಹಚ್ಚಿಸಿಕೊಂಡವರಿಗೆ ಹತ್ತುತ್ತದೆ, ಹಚ್ಚಿದವರಿಗೂ ಹತ್ತುತ್ತದೆ ಎಂಬ ಯೋಚನೆ, ನಾಲ್ಕು ವರ್ಷ ಚರ್ಮದ ಬಗ್ಗೆಯೇ ಓದಿದ ಅವಳಿಗೆ, ತನ್ನ ಅಂಗೈಗೆ ಚರ್ಮವಿದೆ ಎಂಬುದನ್ನೇ ಮರೆತವಳಂತೆ, ಹೊಳೆದಿರಲಿಲ್ಲ.

ಪರದೆಯ ಮೇಲಿನ ಉಬ್ಬು ಇದ್ದಲ್ಲೇ ಇತ್ತು. ಈಗ ಅದು ಬೇರೆಯಾಗಿ ಕಂಡಿತು. ನನ್ನೊಳಗೆ ಅಪ್ಪ ಅಷ್ಟು ಇದ್ದಾನೆ, ಎಂದುಕೊಂಡಳು. ಎಂದುಕೊಂಡು ನಾಚಿದಳು, ಓದಿದವರು ಯೋಚಿಸುವ ರೀತಿಯಲ್ಲ ಅದು. ಆಮೇಲೆ ಇನ್ನೊಂದು ಯೋಚನೆ, ತಡೆಯುವುದರೊಳಗೆ ಬಂದದ್ದು: ಹಾಗಾದರೆ ಅವ್ವನೊಳಗೆ? ಇಷ್ಟು ವರ್ಷ ಹಚ್ಚಿದವಳು. ಹಚ್ಚಿದ ಮೇಲೆ ಕೈ ತೊಳೆಯುವ ಅಭ್ಯಾಸವೇ ಇರಲಿಲ್ಲ ಅವ್ವನಿಗೆ. ಉಳಿದ ಕ್ರೀಮನ್ನು ತನ್ನ ಮೊಣಕೈಗೆ ಒರೆಸಿಕೊಂಡು, "ಛಲೋ ಮಾಲ್ ಐತಿ, ಯಾಕ ಹಾಳ ಮಾಡೂದು" ಎಂದು ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಅವ್ವನ ರಕ್ತ ಓಡಿಸಿದ್ದರೆ ಗುಡ್ಡವಲ್ಲ, ಬೆಟ್ಟವೇ ಏಳುತ್ತಿತ್ತೇನೋ. ಅದನ್ನು ಯಾರೂ ನೋಡಲಿಲ್ಲ. ಅವ್ವ ಇದ್ದಾಗ ಶ್ರಾವಣ ಬಂದರೆ ಮನೆ ತುಂಬ ಬೇರೆ ಗಾಳಿ. ಅಪ್ಪ ಕಚೇರಿಯಿಂದ ಬಂದು ಸ್ನಾನ ಮಾಡಿ, ಮೊದಲ ಸಾಲನ್ನು ಬಚ್ಚಲಿನಿಂದಲೇ ಗುನುಗುತ್ತ ಹೊರಬರುವುದು. ಅವ್ವ ಶಾಲನ್ನು ಮಡಿಕೆ ಮುರಿಯದಂತೆ ಹೊದಿಸುವುದು. ಮೂವರೂ ಸಂದಿಯ ದಾರಿಯಲ್ಲಿ ಮಠಕ್ಕೆ ನಡೆಯುವುದು. ಇರಾಣಿ ಹೋಟೆಲಿನ ಮುಂದೆ ಚಹಾದ ವಾಸನೆ, ತೆಲುಗಿನಲ್ಲಿ ಕೂಗುವ ಹೂವಿನವಳು, ಮಠದ ಬಾಗಿಲು ದಾಟಿದರೆ ಒಮ್ಮೆಲೇ ಕನ್ನಡ. ಬೀದರಿನವರು, ಕಲಬುರಗಿಯವರು, ಬಟ್ಟೆ ಅಂಗಡಿಯವರು, ಬ್ಯಾಂಕಿನವರು. ಅಪ್ಪ ಒಂದು ಸಾಲು ಹಾಡಿ ನಿಲ್ಲಿಸಿದಾಗ, ಆ ನಿಲುಗಡೆಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಅಂಥ ನಿಶ್ಶಬ್ದವನ್ನು ಅವಳು ಆಮೇಲೆ ಎಲ್ಲೂ ಕೇಳಲಿಲ್ಲ.

ಪದ್ಮನಾಭ ಅವರ ಕೋಣೆಗೆ ಹೋಗಿ ನಿಂತಾಗ ಅವಳು ಏನು ಹೇಳಬೇಕೆಂದು ಕಟ್ಟಿಕೊಂಡಿರಲಿಲ್ಲ. ಮೈಸೂರಿನವರು, ವಿಭಾಗದ ಮುಖ್ಯಸ್ಥರು. ಕೆಟ್ಟವರಲ್ಲ, ದನಿ ಎತ್ತಿದವರಲ್ಲ. "ಕೂತ್ಕೊಳ್ಳಿ ಶಿವದೇವಿ. ಗೊತ್ತಾಯ್ತಾ ಎಲ್ಲಿಂದ ಅಂತ?"

"ಆತು ಸರ್. ನನ್ನಿಂದ." ಅವಳು ಹೇಳಿದಳು. ಮನೆಯಲ್ಲಿ ಅಪ್ಪಗೆ ಕ್ರೀಮು ಹಚ್ಚುತ್ತೇನೆ, ದಿನಾ, ಬರಿಗೈಯಿಂದ.

"ನಿಮ್ಮ ತಂದೆಗಾ? ಈ ವಯಸ್ಸಲ್ಲಿ ಸನ್‌ಸ್ಕ್ರೀನಾ?" ಅವರು ನಗುತ್ತ ಕೇಳಿದರು. ಆ ನಗುವಿಗೆ ಒಂದು ಉತ್ತರ ಕೊಡಲೇಬೇಕಾಯಿತು.

"ಅವರಿಗೆ ತೊನ್ನೈತ್ರಿ." ಬಾಯಿಂದ ಹೊರಬಿದ್ದ ಮೇಲೆ ಆ ಶಬ್ದ ಮೇಜಿನ ಮೇಲೆ, ಅವರಿಬ್ಬರ ನಡುವೆ, ಬಿದ್ದುಕೊಂಡಿತು. ಮನೆಯಲ್ಲಿ ಇಷ್ಟು ವರ್ಷ ಯಾರೂ ಆಡದ್ದನ್ನು ಲ್ಯಾಬಿನ ಎ.ಸಿ.ಯಲ್ಲಿ ಕೂತು, ಒಂದು ಉಬ್ಬಿನ ಕಾರಣಕ್ಕೆ, ಆಡಿಬಿಟ್ಟಿದ್ದಳು.

ಪದ್ಮನಾಭ ಅವಳ ಕೈ ನೋಡಿದರು. ನೋಡಿದ್ದು ಒಂದು ಕ್ಷಣ. "ಅದು... ಅಂಟೋದಲ್ಲ ಅಲ್ವಾ?" ಎಂದರು, ಎಂದ ಕೂಡಲೇ ಅವರ ಕಿವಿ ಕೆಂಪಾಯಿತು. "ಅಲ್ಲ, ಗೊತ್ತು, ಗೊತ್ತು. ಏನೋ ಬಾಯಿಗೆ ಬಂತು. ಸಾರಿ."

"ಅಂಟೂದಿಲ್ಲ ಸರ್. ಕ್ರೀಮ್ ಅಂಟತೈತಿ." ಹೇಳಿದ ಮೇಲೆ ಅದು ತಮಾಷೆಯಾಗಿ ಕೇಳಿತು, ಇಬ್ಬರೂ ನಕ್ಕರು, ಸಂಕಟದಿಂದ ಪಾರಾದವರಂತೆ. ಆಮೇಲೆ ಅವರು ಹಗುರಾಗಿ, ಕೆಲಸದ ದನಿಯಲ್ಲಿ ಮಾತಾಡಿದರು. ನಿಯಮ ಅವಳಿಗೂ ಗೊತ್ತಿರುವುದೇ: ಆ ಕ್ರೀಮು ಮುಟ್ಟಿದ ಕೈ ರಕ್ತದ ಮಾದರಿಗಳ ಕೋಣೆಗೆ ಬರುವಂತಿಲ್ಲ. ಹೊಸ ತಂಡದ ರಕ್ತ ಈ ವಾರವೇ ಬರುತ್ತದೆ. ಆ ಕೋಣೆಯನ್ನು ಅವಳಿಗೇ ಒಪ್ಪಿಸಬೇಕೆಂದು ಅವರ ಆಸೆ. "ನಿಮ್ಮಷ್ಟು ಕ್ಲೀನಾಗಿ ಯಾರೂ ಮಾಡಲ್ಲ, ಅದು ನಿಮಗೂ ಗೊತ್ತು. ಇಲ್ದಿದ್ರೆ ಕೆಳಗಡೆ ದಾಖಲೆ ಕೋಣೆಗೆ ಹಾಕ್ಬೇಕಾಗುತ್ತೆ. ಬೇಜಾರು ಕೆಲಸ ಅದು. ಅಷ್ಟಕ್ಕೆಲ್ಲ ಯಾಕೆ?" ಎಂದು ಎದ್ದು, ಕಪಾಟಿನಿಂದ ನೀಲಿ ಕೈಗವಸುಗಳ ಒಂದು ಡಬ್ಬಿ ತೆಗೆದು ಅವಳ ಮುಂದೆ ಸರಿಸಿದರು. "ಇದನ್ನ ಹಾಕ್ಕೊಂಡು ಹಚ್ಚಿ. ಎರಡು ವಾರದಲ್ಲಿ ನಿಮ್ಮ ರಕ್ತ ಮತ್ತೆ ಖಾಲಿ. ಎಷ್ಟು ಸಿಂಪಲ್ ನೋಡಿ."

ಸಿಂಪಲ್. ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತವಳು ಹೊರಗೆ ನೋಡುತ್ತಿದ್ದಳು. ಯೂನಿವರ್ಸಿಟಿಯ ಮರಗಳು ಬಂದು ಹೋದವು. ಕೋಚಿಂಗ್ ಸೆಂಟರುಗಳ ಫಲಕಗಳ ಮೇಲೆ ಸಾಲುಸಾಲು ಹುಡುಗರ ಮುಖ, ಎಲ್ಲರೂ ಒಂದೇ ಬಣ್ಣಕ್ಕೆ ತಿರುಗಿದಂತೆ ಫೋಟೋ ತಿದ್ದಿದ್ದರು. ಅವಳಿಗೆ ಗಂಗೂಬಾಯಿಯ ಮುಖ ನೆನಪಾಯಿತು. ಬಟ್ಟೆ ವ್ಯಾಪಾರದವರ ಮನೆಯಾಕೆ, ಮಠಕ್ಕೆ ಒಂದು ದಿನವೂ ತಪ್ಪಿಸಿದವಳಲ್ಲ; ಕರುಣರಸದ ಪದ್ಯ ಬಂದರೆ ಎಲ್ಲರಿಗಿಂತ ಮೊದಲು ಕಣ್ಣು ಒದ್ದೆಯಾಗುವವಳು. ಅಪ್ಪನ ಬೆರಳುಗಳು ಬೆಳ್ಳಗಾದ ವರ್ಷ, ಪುರಾಣ ಮುಗಿದು ಅಪ್ಪ ಪ್ರಸಾದ ಕೊಡುವಾಗ, ಆಕೆ ಕೈ ಚಾಚಲಿಲ್ಲ. ಬಾಳೆ ಎಲೆಯ ಒಂದು ತುಂಡು ಚಾಚಿದಳು. "ಎಲಿ ಮ್ಯಾಲ ಇಡ್ರಿ ಅಪ್ಪಾರ, ಮನೀಗೆ ಒಯ್ಯಬೇಕು," ಎಂದಳು, ಎಷ್ಟು ಮೆತ್ತಗೆ, ಎಷ್ಟು ಮರ್ಯಾದೆಯಿಂದ. ಅಪ್ಪ ಇಟ್ಟ. ಮರುದಿನ ಅವನು ಅವ್ವನಿಗೆ ಹೇಳಿ ಒಂದು ಬುಟ್ಟಿ ತುಂಬ ಎಲೆಯ ತುಂಡು ಮಾಡಿಸಿಕೊಂಡು ಹೋದ. ಎಲ್ಲರಿಗೂ, ಮೊದಲನೆಯವನಿಂದ ಕೊನೆಯ ಕೂಸಿನವರೆಗೆ, ಎಲೆಯ ಮೇಲೇ ಇಟ್ಟು ಕೊಟ್ಟ. ಯಾರಿಗೂ ಕೇಳುವ ಕಷ್ಟ ಬರದಿರಲಿ ಎಂದು. ಶಿವದೇವಿಯ ಸರದಿ ಬಂದಾಗ ಅವಳಿಗೂ ಎಲೆ ಬಂತು. ಅಂಗೈ ಚಾಚಿ ನಿಂತವಳ ಅಂಗೈಯಲ್ಲಿ ಎಲೆ, ಎಲೆಯ ಮೇಲೆ ಸಕ್ಕರೆ. ಜನರ ಮುಂದೆ ಮಗಳಿಗೊಂದು ಬೇರೆ ಮಾಡಲಾಗದೆ ಕೊಟ್ಟಿದ್ದ. ಆ ಎಲೆ ತಣ್ಣಗಿತ್ತು. ಕಂಡಕ್ಟರ್ ಇಳಿಯಿರೆಂದು ತೆಲುಗಿನಲ್ಲಿ "ದಿಗಾಲಿ, ದಿಗಾಲಿ" ಎಂದು ಕೂಗುತ್ತಿದ್ದ. ಅವಳು ತನ್ನ ಸ್ಟಾಪು ದಾಟಿ ಮುಂದೆ ಬಂದಿದ್ದಳು.

ಮರುದಿನ ಬೆಳಗ್ಗೆ ಅಪ್ಪ ನೀಲಿ ಗವಸು ನೋಡಿ ಹುಬ್ಬು ಹಾರಿಸಿದ. "ಏನವ್ವಾ, ಆಪರೇಶನ್ ಮಾಡಾಕಿ ಏನು?"

"ಲ್ಯಾಬಿನ್ಯಾಗ ಹೇಳ್ಯಾರ ಅಪ್ಪಾ. ಕ್ರೀಮ್ ನನ್ನ ರಕ್ತದಾಗ ಕಾಣಾಕತ್ತೈತಿ. ಬರಿಗೈಲೆ ಹಚ್ಚಿದ್ರ ನನ್ನ ಆ ಖೋಲಿ ಒಳಗ ಬಿಡೂದಿಲ್ಲ."

"ಖರೇನ? ರಕ್ತದಾಗ?" ಅವನು ಮಗುವಿನಂತೆ ಕೌತುಕಪಟ್ಟ. "ಇಷ್ಟರಾಗಿಂದು ಅಲ್ಲಿತನಕ ಹೋತು? ಭಾಳ ಶ್ಯಾಣ್ಯಾ ಮಶೀನ್ ಐತಲ್ಲ ಅದು." ಆಮೇಲೆ ಗವಸಿನ ಕಡೆ ನೋಡಿ, "ಹಾಕ್ಕೋ, ಹಾಕ್ಕೋ. ಅದರಾಗೇನೈತಿ. ನಿನ್ನ ನೌಕರಿ ದೊಡ್ಡದು," ಎಂದು ಕಣ್ಣು ಮುಚ್ಚಿ ಮುಖ ಎತ್ತಿದ.

ಗವಸಿನ ಕೈಗೆ ಮುಖ ಸಿಗಲಿಲ್ಲ. ಜಾರುತ್ತಿತ್ತು. ಎಲ್ಲಿ ಮೂಳೆ, ಎಲ್ಲಿ ಸುಕ್ಕು, ನಿನ್ನೆಯ ಬಿಸಿಲಿಗೆ ಎಲ್ಲಿ ಒಂದಿಷ್ಟು ಉಬ್ಬಿದೆ, ಹಣೆಯ ಮೇಲೆ ವಿಭೂತಿ ಇದೆಯೋ ಇಲ್ಲವೋ, ಏನೂ ಬೆರಳಿಗೆ ತಿಳಿಯಲಿಲ್ಲ. ರಬ್ಬರು ಚರ್ಮಕ್ಕೆ ತಿಕ್ಕಿ ಕೀಚುಗುಟ್ಟಿತು. ಅವಳು ಕತ್ತಿಗೆ ಬಂದಳು, ತೋಳಿಗೆ ಬಂದಳು, ಆಗ ಅವಳ ಕಿವಿಗೆ ಗೊತ್ತಾಯಿತು: ಅಪ್ಪ ಹಾಡುತ್ತಿಲ್ಲ. ಪುರಾಣದ್ದೂ ಇಲ್ಲ, ತನ್ನದೂ ಇಲ್ಲ. ಮಠದ ನಿಲುಗಡೆಯಂಥ ನಿಶ್ಶಬ್ದವಲ್ಲ ಇದು. ಅಲ್ಲಿ ಮುಂದಿನ ಸಾಲು ಬರುವುದಿತ್ತು. ಕೆಳಗೆ ಬೀದಿಯಲ್ಲಿ ಸಾಫ್ಟ್‌ವೇರಿನವರ ಕ್ಯಾಬು ಬಂದು ಹಾರನ್ ಹೊಡೆಯಿತು, ಯಾರದೋ ಕುಕ್ಕರ್ ಕೂಗಿತು. ಅವಳು ಮುಗಿಸಿ ಗವಸು ಕಳಚುವ ಸದ್ದಿಗೆ ಅವನು ಕಣ್ಣು ತೆರೆದ. "ಆತೇನು?" ಎಂದ. "ಛಲೋ ಆತು." ದವಾಖಾನೆಯಲ್ಲಿ ನರ್ಸಿಗೆ ಹೇಳುವಂತೆ ಹೇಳಿದ. ತನ್ನ ಮಾತು ತನಗೇ ಹಾಗೆ ಕೇಳಿತೋ ಏನೋ, ಅವಳ ತಲೆಯ ಮೇಲೆ ಕೈ ಇಡಲು ಎತ್ತಿದವನು, ಕ್ರೀಮಿನ ಕೈ ಎಂದು ನೆನಪಾಗಿ ಹಿಂದಕ್ಕೆ ತೆಗೆದುಕೊಂಡ.

ಆ ದಿನ ಲ್ಯಾಬಿನಲ್ಲಿ ಅವಳಿಗೆ ಏನೂ ತಪ್ಪಾಗಲಿಲ್ಲ. ಅಳತೆಗಳು ಸರಿ ಬಂದವು. ಮೂತ್ರದ ಮಾದರಿಗಳಿಗೆ ಸೃಜನ್‌ಗೆ ಎನ್‌ಜೈಮ್ ಎಷ್ಟು ಹಾಕಬೇಕೆಂದು ಲೆಕ್ಕ ಕೂಡಿಸಿ ಹೇಳಿಕೊಟ್ಟಳು. ಒಳಗೆ ಬಂದ ಪರಕೀಯ ವಸ್ತುವಿಗೆ ದೇಹ ಸಕ್ಕರೆಯ ಒಂದು ಬಾಲ ಕಟ್ಟಿ ನೀರಿನೊಡನೆ ಹೊರಗೆ ಸಾಗಹಾಕುತ್ತದೆ, ಆ ಬಾಲವನ್ನು ಎನ್‌ಜೈಮಿನಿಂದ ಕತ್ತರಿಸದಿದ್ದರೆ ಯಂತ್ರಕ್ಕೆ ಗುರುತು ಹತ್ತುವುದಿಲ್ಲ. "ಎಷ್ಟು ಮರ್ಯಾದೆ ನೋಡಿ ಮೇಡಂ ದೇಹಕ್ಕೆ," ಎಂದ ಸೃಜನ್, "ಬೇಡದ ನೆಂಟರಿಗೂ ಸ್ವೀಟ್ ಕಟ್ಟಿಯೇ ಕಳಿಸ್ತದೆ." ಅವಳು ನಕ್ಕಳು. ತನ್ನ ದೇಹವೂ ಈಗ ಹಾಗೇ ಮಾಡುತ್ತಿರಬೇಕು ಎಂದುಕೊಂಡಳು. ಈ ಗಳಿಗೆ, ಇಲ್ಲಿ ನಿಂತು ನಗುತ್ತಿರುವಾಗ, ಒಂದೊಂದೇ ಕಣವಾಗಿ ಅಪ್ಪನ ಬೆಳಗುಗಳನ್ನು ಬೀಳ್ಕೊಡುತ್ತಿರಬೇಕು. ಎರಡು ವಾರದಲ್ಲಿ ಏನೂ ಉಳಿಯುವುದಿಲ್ಲ. ಸಂಜೆ ಹೊರಡುವಾಗ ಪದ್ಮನಾಭ ತಡೆದು, "ಹೊಸ ರಕ್ತ ನಾಳೆ ಬೆಳಗ್ಗೇನೇ ಬರ್ತಿದೆ. ಕೋಣೆ ನಿಮ್ಮ ಹೆಸರಿಗೇ ಹಾಕ್ಲಾ? ಗ್ಲವ್ಸ್ ನಡೀತಿದೆ ತಾನೆ?" ಎಂದರು. ಅವಳು ತಲೆ ಅಲ್ಲಾಡಿಸಿದಳು; ಹೌದೆಂದೋ ಇಲ್ಲವೆಂದೋ ತನಗೇ ತಿಳಿಯದಂತೆ.

ಬೆಳಗ್ಗೆ ಎದ್ದಾಗ ಅಪ್ಪನ ಹಾಸಿಗೆ ಖಾಲಿಯಿತ್ತು. ಕೂಗಿದಳು; ಮೇಲಿನಿಂದ "ಇಲ್ಲೇ ಅದೀನಿ, ಬಾ" ಎಂಬ ದನಿ, ಗೆದ್ದವರ ದನಿ. ಮೆಟ್ಟಿಲು ಹತ್ತಿ ಹೋದಳು. ಅವನು ಕುರ್ಚಿಯಲ್ಲಿ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದ. ತಾನೇ ಹಚ್ಚಿಕೊಂಡಿದ್ದ. ಕನ್ನಡಿಯಲ್ಲಿ ಬಿಳಿಯ ಮೇಲೆ ಬಿಳಿ ಕಾಣದ ಕಣ್ಣು ಅವನದು, ಮೇಲೆ ಪೊರೆ ಬಂದದ್ದು. ಕ್ರೀಮು ಹುಬ್ಬಿನಲ್ಲಿ ಮುದ್ದೆಯಾಗಿ ಕೂತಿತ್ತು, ಒಂದು ಕಿವಿಯೊಳಗೆ ಹೋಗಿತ್ತು, ಮೂಗಿನ ಪಕ್ಕದಲ್ಲಿ ಗೋಡೆಗೆ ಬಳಿದ ಸುಣ್ಣದಂತೆ ಇಳಿದು ಗಟ್ಟಿಯಾಗಿತ್ತು. ಎಡಗೆನ್ನೆ ಪೂರಾ ಬಿಟ್ಟುಹೋಗಿತ್ತು. ಅದು ಆಗಲೇ ಕೆಂಪಗಾಗುತ್ತಿತ್ತು. ಎಷ್ಟು ಹೊತ್ತಿನಿಂದ ಕೂತಿದ್ದನೋ.

"ನೋಡು, ನನಗೂ ಬರತೈತಿ," ಎಂದ. "ಇಷ್ಟು ದಿನ ಸುಮ್ಮನ ನಿಮ್ಮಿಬ್ಬರಿಗೂ ತ್ರಾಸ ಕೊಟ್ಟೆ. ನಾಳಿಂದ ನೀ ಮ್ಯಾಲ ಬರೂದ ಬ್ಯಾಡ. ಆ ನೀಲಿ ಡಬ್ಬಿ ವಾಪಸ್ ಕೊಟ್ಟುಬಿಡು ಅವರಿಗೆ."

ಅವಳು ಕೈಯಲ್ಲಿದ್ದ ಮೊಬೈಲನ್ನು ಟಾಕಿಯ ಕಟ್ಟೆಯ ಮೇಲಿಟ್ಟು ಹತ್ತಿರ ಹೋದಳು. ಏನೂ ಯೋಚಿಸಲಿಲ್ಲ, ಅಥವಾ ಯೋಚಿಸುವುದೆಲ್ಲ ಮೆಟ್ಟಿಲ ಮೇಲೇ ಮುಗಿದಿತ್ತು. ಅವನ ಹುಬ್ಬಿನ ಮುದ್ದೆಯನ್ನು ಹೆಬ್ಬೆರಳಿನಿಂದ ತೆಗೆದು ಎಡಗೆನ್ನೆಗೆ ಹಚ್ಚಿದಳು. ಚರ್ಮ ಸುಡುತ್ತಿತ್ತು.

"ಏ, ಏ, ಬರಿಗೈ!" ಅವನು ಅವಳ ಮಣಿಕಟ್ಟು ಹಿಡಿದ. "ಮುಟ್ಟಬ್ಯಾಡ. ಆ ಮಶೀನಿಗೆ ಗೊತ್ತಾಕೈತಿ."

"ಗೊತ್ತಾಗಲಿ ಬಿಡ್ರಿ."

"ಹುಚ್ಚಿ, ನೌಕರಿ ಹೋಗತೈತಿ."

"ಹೋಗೂದಿಲ್ಲ ಅಪ್ಪಾ. ಕೆಳಗಿನ ಖೋಲ್ಯಾಗ ಕೂಡಸ್ತಾರ. ಕಾಗದ ಜೋಡಸೂದು."

"ನಿನಗ ಅದು ಸೇರೂದಿಲ್ಲ."

"ಇಲ್ಲ, ಸೇರೂದಿಲ್ಲ." ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. "ಕಣ್ಣ ಮುಚ್ಚರಿ, ಒಳಗ ಹೋಗತೈತಿ."

ಅವನು ಮುಚ್ಚಲಿಲ್ಲ. ಅವಳನ್ನೇ ನೋಡುತ್ತಿದ್ದ, ಹತ್ತಿರದಿಂದ, ಪೊರೆಯ ಹಿಂದಿನಿಂದ. ಮಣಿಕಟ್ಟಿನ ಮೇಲಿದ್ದ ಅವನ ಹಿಡಿತ ಸಡಿಲಾಯಿತು. ಆದರೆ ಕೈ ತೆಗೆಯಲಿಲ್ಲ. ಅವಳು ಕಿವಿಯೊಳಗಿನದನ್ನು ಸೆರಗಿನ ತುದಿಯಿಂದ ತೆಗೆದಳು, ಮೂಗಿನ ಪಕ್ಕದ ಗಟ್ಟಿಯಾದದ್ದನ್ನು ಉಗುಳು ಹಚ್ಚಿ ಮೆತ್ತಗೆ ಮಾಡಿದಳು, ಎರಡೂ ಅಂಗೈಗಳಲ್ಲಿ ಆ ಮುಖವನ್ನು ಪೂರ್ತಿ ತೆಗೆದುಕೊಂಡಳು. ಅಷ್ಟರಲ್ಲಿ ಅವಳ ಮೊಬೈಲು ಬಡಿದುಕೊಳ್ಳತೊಡಗಿತು, ಟಾಕಿಯ ಕಟ್ಟೆಯ ಮೇಲೆ, ಸಣ್ಣಗೆ ನಡುಗಿ ಸರಿಯುತ್ತ. ಪದ್ಮನಾಭ ಅವರದೇ ಇರಬೇಕು. ಅವಳು ಕೈಗಳನ್ನು ನೋಡಿಕೊಂಡಳು. ಬೆರಳ ಸಂದಿಯವರೆಗೆ ಬಿಳಿ. ಅಪ್ಪ ಕುರ್ಚಿಯಿಂದ ಬಗ್ಗಿ, ಮೊಬೈಲು ತೆಗೆದುಕೊಂಡು, ಹಸಿರು ಗುಂಡಿ ಯಾವುದೆಂದು ಕಣ್ಣಿನ ಹತ್ತಿರ ಹಿಡಿದು ನೋಡಿ ಒತ್ತಿ, ತೋಳು ಚಾಚಿ ಅವಳ ಕಿವಿಗೆ ಹಿಡಿದ.

"ಶಿವದೇವಿ, ರಕ್ತ ಬಂದಿದೆ. ನೀವು ಹೊರಟ್ರಾ?"

"ಸರ್, ಆ ಕೋಣೆಗೆ ಬ್ಯಾರೆ ಯಾರನ್ನರ ನೋಡ್ಕೊಳ್ರಿ. ಸೃಜನ್‌ಗ ಎಲ್ಲಾ ಹೇಳಿಕೊಟ್ಟೀನಿ. ನಾನು ಇನ್ನ ಮ್ಯಾಲೆ ಖಾಲಿ ಅಲ್ಲ."

ಆ ಕಡೆಯಿಂದ ಪದ್ಮನಾಭ "ಯೋಚನೆ ಮಾಡಿ ಹೇಳ್ತಿದೀರಾ?" ಎಂದರು. ಹೌದೆಂದಳು. "ಸರಿ ಹಾಗಾದ್ರೆ. ಬನ್ನಿ, ಮಾತಾಡೋಣ," ಎಂದು ಇಟ್ಟರು, ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು.

ಮಾತು ಮುಗಿದದ್ದು ಅಪ್ಪನಿಗೆ ತಿಳಿಯಲಿಲ್ಲ. ಅವನು ಮೊಬೈಲನ್ನು ಅವಳ ಕಿವಿಗೆ ಹಾಗೇ ಒತ್ತಿ ಹಿಡಿದುಕೊಂಡಿದ್ದ, ಉಸಿರು ಬಿಗಿಹಿಡಿದು, ಆ ಕಡೆಯವರು ಇನ್ನೂ ಏನಾದರೂ ಹೇಳಬಹುದೆಂದು. ಅವನ ಬೆರಳುಗಳು ಅವಳ ಕೆನ್ನೆಗೆ ತಾಗಿದ್ದವು. ಮುಗಿಯಿತು ಎಂದು ಹೇಳಬೇಕಿತ್ತು. ಅವಳು ಹೇಳಲಿಲ್ಲ, ಕಿವಿಯನ್ನು ಅಲ್ಲೇ ಕೊಟ್ಟು ಬಗ್ಗಿ ನಿಂತು, ಅವನ ಇನ್ನೊಂದು ಕೈಯನ್ನು ತೆಗೆದುಕೊಂಡು, ಬೆರಳ ಸಂದಿಗಳಿಗೆ ಹಚ್ಚತೊಡಗಿದಳು.